ಬಾಗಿಲಕ್ಕ ಮತ್ತು ನೀಲಿ ದಿಂಬು

ಗಡಿಯಾರ ಸಿಕ್ಕಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಸಿಗದೆ ಹೋಗಿದ್ದರೆ ಹುಡುಕಬಹುದಿತ್ತು. ಹುಡುಕುವ ನೆಪದಲ್ಲಿ ನಾಲ್ಕು ದಿನ ತಳ್ಳಲೂಬಹುದಿತ್ತು. ಆದರೆ ಟೀಚರಮ್ಮನ ಬೆಳ್ಳಿ ಜೇಬುಗಡಿಯಾರ ಸರಪಳಿಯ ಸಮೇತ ಸಿಕ್ಕಿಬಿಟ್ಟಿತ್ತು — ಮೇಲಿನ ಮಹಡಿಯಲ್ಲಿ, ಪಟಪಟಿಯ ಕೋಣೆಯಲ್ಲಿ, ಅವಳ ದಿಂಬಿನ ಕೆಳಗೆ!

ಫೋನಿನಲ್ಲಿ ಸುದ್ದಿ ಕೇಳಿದ ಗುಮಾಸ್ತರ ಟೀ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತುಹೋಯಿತು.

"ಯಾರ ದಿಂಬಿನ ಕೆಳಗೆ ಅಂದ್ರಿ?"

"ನಿಮ್ಮ ಹುಡುಗಿಯ ದಿಂಬಿನ ಕೆಳಗೆ. ಬಂದು ಕರ್ಕೊಂಡು ಹೋಗಿ. ಸಂಜೆ ಕೊಡ್ತೀನಿ ಅಂದಿದ್ದ ಬೀಗದ ಕೈಗಳ ವಿಷಯ — ಅದನ್ನೂ ಮರೆತುಬಿಡಿ." ಟೀಚರಮ್ಮ ಫೋನ್ ಇಟ್ಟರು.

ಗುಮಾಸ್ತರು ಕೆಲಸ ಮಾಡುವುದು ತಂಗುಮನೆಯಲ್ಲಿ. ಆ ಮಹಾನಗರದ ಬಸ್ ನಿಲ್ದಾಣಗಳಲ್ಲಿ, ಮೇಲ್ಸೇತುವೆಗಳ ಅಡಿಯಲ್ಲಿ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಮಲಗುವ ಹುಡುಗ ಹುಡುಗಿಯರನ್ನು ಕರೆತಂದು, ಊಟ ಹಾಕಿ, ಕೆಲಸ ಕಲಿಸಿ, ಕೊನೆಗೆ ಅವರದೇ ಒಂದು ಬಾಡಿಗೆ ಕೋಣೆ ಹುಡುಕಿಕೊಡುವ ಸಂಸ್ಥೆ ಅದು. ಊಟ ಹಾಕುವುದು ಸುಲಭ. ಕೆಲಸ ಕೊಡುವವರೂ ಸಿಗುತ್ತಾರೆ. ಬುದ್ಧಿ ಹೇಳುವವರಂತೂ ಬೀದಿಗೊಬ್ಬರು. ಸಿಗದೇ ಇರುವುದು ಕೋಣೆ ಕೊಡುವವರು. "ಎಲ್ಲಿಂದ ಬಂದವರೋ, ಏನೋ" ಅಂದು ಕದ ಮುಚ್ಚುವ ಊರಿನಲ್ಲಿ, ಟೀಚರಮ್ಮ ಒಬ್ಬರೇ ಪಟಪಟಿಗೆ ಮೇಲಿನ ಮಹಡಿಯ ಒಂದು ಕೋಣೆ ಕೊಟ್ಟಿದ್ದರು. ಅವಳನ್ನು ನೋಡಿ ಮೆಚ್ಚಿ, ಉಳಿದ ನಾಲ್ಕೂ ಕೋಣೆಗಳ ಬೀಗದ ಕೈಗಳನ್ನು ಇವತ್ತು ಸಂಜೆ ಕೊಡುವವರಿದ್ದರು. ತಂಗುಮನೆಯಲ್ಲಿ ನಾಲ್ವರು ಬೆಳಗ್ಗೆಯೇ ತಲೆಬಾಚಿ ಕೂತಿದ್ದರು.

"ನಾಲ್ಕು ಕೋಣೆ ನೀರಿಗೆ ಹೋಯ್ತು ಅಕ್ಕ," ಎಂದರು ಗುಮಾಸ್ತರು.

"ಕೋಣೆ ಆಮೇಲೆ. ಹುಡುಗಿ ಹೇಗಿದ್ದಾಳೆ?" ಎಂದಳು ಬಾಗಿಲಕ್ಕ, ಸ್ಕೂಟರಿನ ಕೀ ತೆಗೆದುಕೊಳ್ಳುತ್ತಾ.

ಬಾಗಿಲಕ್ಕನಿಗಿಂತ ಗುಮಾಸ್ತರು ವಯಸ್ಸಿನಲ್ಲಿ ಎಷ್ಟೋ ದೊಡ್ಡವರು. ಆದರೂ ಅಕ್ಕ ಎಂದೇ ಕರೆಯುತ್ತಿದ್ದರು. ಇಡೀ ತಂಗುಮನೆ ಕರೆಯುವಾಗ ತಾನೊಬ್ಬ ಬೇರೆ ಏನೆಂದು ಕರೆಯುವುದು? ಮಕ್ಕಳಿಗೆ ಕೋಣೆ ಹುಡುಕುವುದು ಅವಳ ಕೆಲಸ. ಬೇರೆಯವರು ಕೋಣೆ ನೋಡಲು ಹೋದರೆ ಗಾಳಿ, ಬೆಳಕು, ನೀರು ನೋಡುತ್ತಾರೆ. ಇವಳು ಬಾಗಿಲು ನೋಡುತ್ತಾಳೆ. ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಕೀಲು ಗಟ್ಟಿ ಇದೆಯೇ? ಒಳಗಿನಿಂದ ಚಿಲಕ ಇದೆಯೇ? ಚಿಲಕ ಇದ್ದರೂ ಹೊಸದೊಂದನ್ನು ತಂದು, ಕೋಣೆಗೆ ಬರುವ ಹುಡುಗನೋ ಹುಡುಗಿಯೋ ತಮ್ಮ ಕೈಯಿಂದಲೇ ತಿರುಪು ಹಾಕಿ ಕೂರಿಸಬೇಕು. ಅದು ತಂಗುಮನೆಯ ಪದ್ಧತಿ. ಅವಳು ಶುರುಮಾಡಿದ ಪದ್ಧತಿ. ಅದಕ್ಕೇ ಬಾಗಿಲಕ್ಕ.

*

ಪಟಪಟಿ ಆ ಹೆಸರು ಪಡೆದದ್ದು ಮಾತಿನಿಂದ. ಬಾಯಿ ತೆರೆದರೆ ಮುಚ್ಚುವವಳಲ್ಲ. ಆದರೆ ಇವತ್ತು ಕೋಣೆಯ ಕಿಟಕಿಗೆ ಒರಗಿ, ಬ್ಯಾಗು ಹೆಗಲಿಗೇರಿಸಿ, ತುಟಿ ಹೊಲಿದ ಹಾಗೆ ನಿಂತಿದ್ದಳು. ಬೇಕರಿಯಿಂದ ಅರ್ಧ ಕೆಲಸದಲ್ಲೇ ಕರೆಸಿದ್ದರು. ಗುಂಗುರು ಕೂದಲಿನ ತುಂಬ ಮೈದಾ ಹಿಟ್ಟು.

ಬಾಗಿಲಕ್ಕ ಅವಳನ್ನು ನೋಡಲಿಲ್ಲ. ಮೊದಲು ಬಾಗಿಲು ನೋಡಿದಳು. ಹಸಿರು ಬಣ್ಣದ ಬಾಗಿಲು, ಒಳಕ್ಕೆ ತೆರೆಯುವಂಥದ್ದು. ಹೊಳೆಯುವ ಹೊಸ ಚಿಲಕ, ಒಂದು ತಿರುಪು ಸ್ವಲ್ಪ ಸೊಟ್ಟಗೆ. ಒಳಮೈಯಲ್ಲಿ, ಸೊಂಟಕ್ಕಿಂತ ಕೆಳಗೆ, ಬೆಳ್ಳಗಿನದೇನೋ ಮೆತ್ತಿದ ಗುರುತು. ಗೋಡೆಗೆ ಸುಣ್ಣ ಹೊಡೆಯುವಾಗ ತಾಗಿರಬೇಕು ಅಂದುಕೊಂಡರು ಗುಮಾಸ್ತರು. ಬಾಗಿಲಕ್ಕ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಮಂಚದ ಮೇಲೆ ಕೂತಳು. ಮಂಚ ಪರಪರ ಅಂದಿತು. ಹೂವಿನ ಚಿತ್ರದ ಹೊದಿಕೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಲಾಗಿತ್ತು. ಕಡುನೀಲಿ ದಿಂಬನ್ನು ಎತ್ತಿ, ಎರಡೂ ಕಡೆ ತಿರುಗಿಸಿ, ಮೂಗಿನ ಹತ್ತಿರ ತಂದಳು.

"ಮೂಸೋದಕ್ಕೆ ಅದೇನು ಹೂವೇ ಅಕ್ಕ?" ಗುಮಾಸ್ತರಿಗೆ ತಡೆಯಲಾಗಲಿಲ್ಲ.

"ಅಂಗಡಿ ವಾಸನೆ ಗುಮಾಸ್ತರೇ," ಎಂದಳು. ಹುಡುಗಿಯತ್ತ ತಿರುಗಿದಳು. "ನೀನು ತಗೊಂಡ್ಯಾ?"

"ಇಲ್ಲ."

"ಬೀಗ ಹಾಕ್ಕೊಂಡು ಹೋಗಿದ್ಯಾ ಕೆಲಸಕ್ಕೆ?"

"ಹ್ಞೂಂ. ನನ್ನ ಕೀ ನನ್ನ ಹತ್ರ. ಇನ್ನೊಂದು ಕೆಳಗೆ, ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಕಿರ್ತಾರೆ."

"ನಿನ್ನೆ ಮಧ್ಯಾಹ್ನ ಕೆಲಸದಿಂದ ಬಂದು ಮಲಗಿದ್ಯಾ?"

"ಮಲಗಿದ್ದೆ."

"ಎಲ್ಲಿ?"

ಪಟಪಟಿಯ ಕಣ್ಣು ಒಮ್ಮೆ ಬಾಗಿಲ ಕಡೆ ಓಡಿತು. ತಕ್ಷಣ ಕಿಟಕಿಗೆ ಬಂತು. ತಪ್ಪಿಸಿಕೊಂಡು ಓಡುವ ಯೋಚನೆಯೋ? — ಗುಮಾಸ್ತರಿಗೆ ಅನುಮಾನ ಬಂತು. ಇವಳು ಮೊದಲ ಸಂಬಳದಲ್ಲಿ ತಂಗುಮನೆಗೆಲ್ಲ ಬನ್ನು ತಂದು ಹಂಚಿದ ಹುಡುಗಿ. ಇವಳು?

"ಬ್ಯಾಗು ಕೆಳಗಿಡು," ಎಂದಳು ಬಾಗಿಲಕ್ಕ.

"ಹೇಗೂ ಹೋಗಬೇಕಲ್ಲ."

"ಯಾರು ಹೇಳಿದ್ದು?"

*

ಮೆಟ್ಟಿಲ ತಿರುವಿನಲ್ಲಿ ಇಬ್ಬರು ಕಾಯುತ್ತಿದ್ದರು, ಕರೆಯದಿದ್ದರೂ. ನಿನ್ನೆ ಕೆಳಮನೆಯೊಳಗೆ ಕಾಲಿಟ್ಟ ಹೊರಗಿನವರು ಇವರಿಬ್ಬರೇ — ಬೀದಿಯ ಮೂಲೆಯ ಟೈಲರ್ ಮತ್ತು ನಲ್ಲಿ ರಿಪೇರಿಯವನು.

"ನಾನು ಹೋಗಿದ್ದು ಪರದೆ ಅಳತೆಗೆ, ಅಷ್ಟೇ," ಟೈಲರ್ ಕೊರಳಿನ ಟೇಪನ್ನೇ ಸಾಕ್ಷಿಯ ಹಾಗೆ ಎತ್ತಿ ತೋರಿಸಿದ. "ನಡುಮನೆ ಪ್ಯಾಸೇಜಲ್ಲಿ ಟೀಚರಮ್ಮನ ತಂಗಿ, ಅದೇ ನಮ್ಮ ಚಿಕ್ಕಮ್ಮ, ಮಲಗೋ ಜಾಗಕ್ಕೆ ಒಂದು ಪರದೆ ಇದೆ ನೋಡಿ, ಅದು ಹರಿದುಹೋಗಿತ್ತು. ಅಳತೆ ತಗೊಂಡೆ, ಬಂದೆ. ಗಡಿಯಾರ ಕುರ್ಚಿ ಪಕ್ಕದ ಮೊಳೇಲೇ ಇತ್ತು. ಟಿಕ್ ಟಿಕ್ ಕೇಳಿಸ್ತಿತ್ತು."

"ಮೇಲಕ್ಕೆ ಬಂದ್ರಾ?"

"ನನ್ನ ಮಂಡಿಗೆ ಈ ಮೆಟ್ಟಿಲಾ? ಇಲ್ಲಿವರೆಗೆ ಬಂದಿದ್ದೇ ಸುದ್ದಿ ಆಸೆಗೆ!"

ನಲ್ಲಿಯವನು ನಗಲಿಲ್ಲ. "ನನ್ನನ್ನೂ ಕೇಳಿಬಿಡಿ ಅಕ್ಕ. ಅಡುಗೆಮನೆ ನಲ್ಲಿ ಬಿಗಿ ಮಾಡಿದೆ. ಟೀಚರಮ್ಮ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು, ಶಾಲೇಲಿ ಪರೀಕ್ಷೆ ಮೇಲ್ವಿಚಾರಣೆ ಮಾಡಿದ ಹಾಗೆ ಕೂತಿದ್ರು. ಕದಿಯೋದಿರಲಿ, ಕೆಮ್ಮೋಕೂ ಭಯ."

"ಈ ಹುಡುಗಿ ಎಂಥವಳು?"

ಟೈಲರ್ ಹೇಳಿದ: "ದಿನಾ ಸಂಜೆ ಟೀಚರಮ್ಮಂಗೆ ಪೇಪರ್ ಓದಿ ಹೇಳ್ತಾಳೆ. ಅವರ ಕಣ್ಣು ಮಂಜು ಅಲ್ವಾ? ಓದೋವಾಗ ತಪ್ಪಿದ್ರೆ ಬೈಗುಳ, ಸರಿಯಾಗಿ ಓದಿದ್ರೂ ಬೈಗುಳ. ಇಬ್ಬರೂ ನಗೋದು ನನ್ನ ಅಂಗಡಿಗೆ ಕೇಳತ್ತೆ."

"ಮೂರನೆಯವರು? ಚಿಕ್ಕಮ್ಮ ನಗಲ್ವಾ?"

ಟೈಲರ್ ಯೋಚಿಸಿದ. "ಅದು ಕೇಳಿಸಿದ ನೆನಪಿಲ್ಲ."

*

ಕೆಳಮನೆಯ ನಡುಮನೆಯಲ್ಲಿ ಟೀಚರಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗಡಿಯಾರ ಮಡಿಲಲ್ಲಿತ್ತು. ಗಂಡನ ನೆನಪಿಗೆ ಉಳಿದದ್ದು ಅದೊಂದೇ; ಪ್ರತಿ ಬೆಳಗ್ಗೆ ತಾವೇ ಕೀಲಿ ಕೊಡುತ್ತಿದ್ದರು. ಇವತ್ತು ಬೆಳಗ್ಗೆ ಕೈ ಮೊಳೆಗೆ ಹೋದಾಗ ಮೊಳೆ ಮಾತ್ರ ಸಿಕ್ಕಿತ್ತು.

ಬಾಗಿಲಕ್ಕ ಇಲ್ಲೂ ಬಾಗಿಲುಗಳನ್ನೇ ನೋಡಿದಳು. ಟೀಚರಮ್ಮನ ಕೋಣೆಗೆ ತೇಗದ ಬಾಗಿಲು. ಪಕ್ಕದ ಕೋಣೆಗೆ ಬೀಗ.

"ಅಲ್ಲಿ ಏನಿದೆ ಟೀಚರಮ್ಮ?"

"ನನ್ನ ಶಾಲೆಯ ಶೀಲ್ಡುಗಳು, ಕಪ್ಪುಗಳು. ಯಾಕೆ?"

"ಸುಮ್ಮನೆ."

ಪ್ಯಾಸೇಜಿನ ಕೊನೆಯಲ್ಲಿ ಹರಿದ ಪರದೆ. ಅದರ ಹಿಂದೆ ಒಂದು ಹಗುರ ಮಂಚ, ಒಂದು ಟ್ರಂಕು. ಟೀಚರಮ್ಮನ ತಂಗಿಯ ಜಾಗ ಅದು. ಬಡಾವಣೆಗೆಲ್ಲ ಆಕೆ ಚಿಕ್ಕಮ್ಮ. ಗಂಡ ಹೋದ ಮೇಲೆ ಅಕ್ಕನ ಮನೆಗೆ ಬಂದವರು. ದನಿ ಬೆಣ್ಣೆ. ಗುಮಾಸ್ತರ ಕೈಗೆ ಟೀ ಕೊಟ್ಟು, ಸಕ್ಕರೆ ಸಾಕೇ ಎಂದು ಕೇಳಿ, ಗೋಡೆಗೆ ಒರಗಿ ನಿಂತರು.

"ದಿಂಬಿನ ಕೆಳಗೆ ನೋಡಿ ಅಂದವರು ನೀವಂತೆ?" ಬಾಗಿಲಕ್ಕ ಕೇಳಿದಳು.

"ಬಾಯಿ ಬಿಡಬಾರದು ಅಂತಿದ್ದೆ ಕಣಮ್ಮ. ಅಕ್ಕ ಕಣ್ಣೀರು ಹಾಕಿದ್ದು ನೋಡಕ್ಕಾಗಲಿಲ್ಲ."

"ಏನು ಕಂಡ್ರಿ?"

"ನಿನ್ನೆ ಮಧ್ಯಾಹ್ನ ಟೀ ಕೊಡೋಣ ಅಂತ ಮೇಲೆ ಹೋದೆ. ಬಾಗಿಲು ಹಾಗೇ ಮುಂದಕ್ಕೆ ಮಾಡಿತ್ತು. ತಳ್ಳಿದೆ. ಪಾಪ, ಮಂಚದ ಮೇಲೆ ಮಗು ಥರ ಮುದುಡಿ ಮಲಗಿತ್ತು. ಬೇಕರಿಯಿಂದ ಬಂದ ಹಾಗೇ — ತಲೆಯೆಲ್ಲ ಹಿಟ್ಟು. ಕೈ ದಿಂಬಿನ ಕೆಳಗೆ. ಅಲ್ಲಿ ಸರಪಳಿ ಥರ ಏನೋ ಮಿಂಚಿತು. ನಾನು ಯಾಕೆ ನೋಡಲಿ ಅಂತ ಹೊದಿಕೆ ಎಳೆದು ಹೊದಿಸಿದೆ."

"ಎಚ್ಚರ ಆಗಲಿಲ್ವಾ?"

"ಇಲ್ಲಪ್ಪ. ಮಗ್ಗುಲಾಯ್ತು, ಅಷ್ಟೇ. ಒಂಚೂರು ಸದ್ದಿಲ್ಲ. ಎಂಥ ನೆಮ್ಮದಿ ನಿದ್ದೆ!"

ಗುಮಾಸ್ತರು ಟೀ ಲೋಟ ಕೆಳಗಿಟ್ಟರು. ಕಳ್ಳಿಗೂ ಹೊದಿಕೆ ಹೊದಿಸುವ ಹೆಂಗಸು! ಇಂಥವರ ಮಾತು ಸುಳ್ಳಾಗುವುದು ಹೇಗೆ? ಮುಗಿಯಿತು. ತಲೆಬಾಚಿ ಕೂತ ಆ ನಾಲ್ವರಿಗೆ ಏನು ಹೇಳುವುದು ಎಂದು ಆಗಲೇ ಮನಸ್ಸು ಮಾತು ಹುಡುಕತೊಡಗಿತ್ತು.

ಬಾಗಿಲಕ್ಕ ಮಾತ್ರ ಎದ್ದು ನಿಂತಳು. "ಎಲ್ಲರೂ ಒಂದು ಸಲ ಮೇಲೆ ಬರ್ತೀರಾ? ಟೀಚರಮ್ಮ, ನನ್ನ ಕೈ ಹಿಡ್ಕೊಳ್ಳಿ."

*

ಹುಡುಗಿ ಅದೇ ಕಿಟಕಿಯ ಬಳಿ ಇದ್ದಳು. ಬಾಗಿಲಕ್ಕ ಅವಳ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೇಳಿದಳು. ಪಟಪಟಿ ತಲೆ ಅಡ್ಡ ಆಡಿಸಿದಳು. ಬಾಗಿಲಕ್ಕ ಮತ್ತೆ ಏನೋ ಅಂದಳು, ತನ್ನ ಎದೆ ಮುಟ್ಟಿ ತೋರಿಸಿ. ಹುಡುಗಿ ಅವಳನ್ನೇ ನೋಡಿ, ಹ್ಞೂಂ ಎಂದಳು.

"ಗುಮಾಸ್ತರೇ, ಮಂಚದ ಮೇಲೆ ಮಲಗಿ."

"ನಾನಾ?"

"ಇನ್ಯಾರು? ಚಪ್ಪಲಿ ಬಿಡಿ."

ಗುಮಾಸ್ತರು ಸುತ್ತ ನೋಡಿ, ಹೊಟ್ಟೆ ಒಳಕ್ಕೆಳೆದುಕೊಂಡು ಮಲಗಿದರು. ಮಂಚ ಪರಪರ ಎಂದಿತು.

"ಮಗ್ಗುಲಾಗಿ."

ಪರಪರ, ಚರಚರ, ಪಟಪಟ! ಯಾರೋ ಒಣಗಿದ ಎಲೆಗಳ ರಾಶಿಯಲ್ಲಿ ಓಡಿದ ಹಾಗೆ. ಟೀಚರಮ್ಮನ ಮಂಜುಗಣ್ಣು ಅರಳಿತು. "ಏನದು ಸದ್ದು?"

ಬಾಗಿಲಕ್ಕ ಹೊದಿಕೆಯ ಒಂದು ಮೂಲೆ ಹಿಡಿದು ಎಳೆದಳು. ಕೆಳಗೆ ಹಾಸಿಗೆ. ಹಾಸಿಗೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ, ಒಂದು ಕಡೆಯೂ ಹರಿಯದೆ, ಅಂಟುಪಟ್ಟಿ ಕೂಡ ಬಿಚ್ಚದೆ.

"ನಾನೇ ತಂದುಕೊಟ್ಟ ಹಾಸಿಗೆ," ಎಂದಳು. "ಇದರ ಮೇಲೆ ಇಲಿ ಓಡಿದ್ರೂ ಕೆಳಮನೆಗೆ ಕೇಳತ್ತೆ. ಚಿಕ್ಕಮ್ಮ, ನಿನ್ನೆ ಇವಳು ಮಗ್ಗುಲಾದಾಗ ಒಂಚೂರು ಸದ್ದಿರಲಿಲ್ಲ ಅಂದ್ರಿ."

"ನನ್ನ ಕಿವಿ... ವಯಸ್ಸಾಯ್ತಲ್ಲಮ್ಮ."

"ಇರಲಿ. ಕಿವಿ ಬೇಡ, ಕಣ್ಣಿಗೆ ಬರೋಣ. ತಲೆಯೆಲ್ಲ ಹಿಟ್ಟು ಅಂದ್ರಿ. ಅದು ನಿಜ, ಈಗಲೂ ನೋಡಿ. ಈ ತಲೆ ಒಂದು ಸಲ ಈ ಕಡುನೀಲಿ ದಿಂಬು ಮುಟ್ಟಿದ್ರೆ ಏನಾಗತ್ತೆ?"

ಪಟಪಟಿಯನ್ನು ಕರೆದು, ಅವಳ ತಲೆಯನ್ನು ಮೆಲ್ಲಗೆ ದಿಂಬಿಗೆ ಒತ್ತಿದಳು. ಎತ್ತಿದಾಗ ನೀಲಿಯ ಮೇಲೆ ಬೆಳ್ಳಗೆ ಹುಣ್ಣಿಮೆ ಮೂಡಿತ್ತು.

"ಆಗಲೇ ನಾನು ಎತ್ತಿ ನೋಡಿದಾಗ ಇಲ್ಲಿ ಒಂದು ಚುಕ್ಕೆ ಇರಲಿಲ್ಲ. ತೊಳೆದಿದ್ದಾಳೆ ಅಂತೀರಾ? ಅಂಗಡಿ ಮಡಿಕೆ ಹಾಗೇ ಇದೆ, ಅಂಗಡಿ ವಾಸನೇನೂ ಇದೆ. ಈ ದಿಂಬು ಇವತ್ತಿನ ತನಕ ಯಾರ ತಲೇನೂ ಕಂಡಿಲ್ಲ."

"ಹಾಗಾದ್ರೆ ಈ ಮಗು ಎಲ್ಲಿ ಮಲಗೋದು?" ಟೀಚರಮ್ಮ ಕೇಳಿದರು.

ಬಾಗಿಲಕ್ಕ ಬಾಗಿಲನ್ನು ಮುಚ್ಚಿ ಆ ಬಿಳಿ ಗುರುತು ತೋರಿಸಿದಳು. ಪಟಪಟಿ ತಾನಾಗಿಯೇ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ತಲೆ ಸರಿಯಾಗಿ ಗುರುತಿನ ಮೇಲೆ ಹೋಗಿ ಕೂತಿತು. ಸುಣ್ಣವಲ್ಲ! ಗುಮಾಸ್ತರು ಹಣೆ ಚಚ್ಚಿಕೊಂಡರು.

"ಬಂದಾಗಿನಿಂದ ಇಲ್ಲೇ," ಎಂದಳು ಪಟಪಟಿ. ದನಿ ಕೊನೆಗೂ ಹೊರಬಂದಿತ್ತು. "ಮಂಚದ ಮೇಲೆ ಕಣ್ಣು ಮುಚ್ಚಿದ್ರೆ ಯಾರೋ ಬಂದ ಹಾಗೆ ಆಗತ್ತೆ. ಚಿಲಕ ಹಾಕಿದ್ರೂ ಆಗತ್ತೆ. ಬೆನ್ನಿಗೆ ಬಾಗಿಲು ಇದ್ರೆ ನಿದ್ದೆ ಬರತ್ತೆ. ಬಂಗಾರದಂಥ ಹಾಸಿಗೆ ಕೊಟ್ರೆ ನೆಲದ ಮೇಲೆ ಕೂತು ಮಲಗ್ತಾಳೆ ಅಂದ್ರೆ ನಗ್ತೀರ ಅಂತ... ಯಾರಾದ್ರೂ ಬಂದ್ರೆ ಚೆನ್ನಾಗಿ ಕಾಣಲಿ ಅಂತ ಹೊದಿಕೆ ಹಾಸಿಟ್ಟೆ."

"ನಮ್ಮಲ್ಲಿಂದ ಕೋಣೆಗೆ ಹೋದವರು ಬಹಳ ಜನ ಹೀಗೇ ಮಲಗೋದು, ಮೊದಮೊದಲು," ಎಂದಳು ಬಾಗಿಲಕ್ಕ. "ನಾನೂ ಹೀಗೇ ಮಲಗಿದ್ದೆ. ಬಸ್ ನಿಲ್ದಾಣದಿಂದ ಬಂದು ನನ್ನದು ಅಂತ ಒಂದು ಕೋಣೆ ಸಿಕ್ಕಿದಾಗ, ಒಂದು ಮಳೆಗಾಲ ಪೂರ್ತಿ. ಇದರಲ್ಲಿ ನಾಚಿಕೆ ಏನಿದೆ? ಕಾವಲಿಗೆ ಯಾರೂ ಇಲ್ಲದಾಗ ಈ ಹುಡುಗಿ ತನಗೆ ತಾನೇ ಕಾವಲಾಗಿ, ಇಲ್ಲಿ ತನಕ ಬಂದು ಮುಟ್ಟಿದ್ದಾಳೆ."

ಅವಳು ಚಿಕ್ಕಮ್ಮನತ್ತ ತಿರುಗಿದಳು.

"ಈಗ ಹೇಳಿ ಚಿಕ್ಕಮ್ಮ. ಬಾಗಿಲು ಒಳಕ್ಕೆ ತೆರೆಯೋದು. ಇವಳು ಬಾಗಿಲಿಗೆ ಒರಗಿದ್ದಾಗ ನೀವು ತಳ್ಳಿದ್ರೆ ಇವಳನ್ನೇ ತಳ್ಳಬೇಕಿತ್ತು. ನೀವು ಮೇಲೆ ಬಂದಿದ್ದು ನಿಜ — ಆದ್ರೆ ಇವಳು ಇಲ್ಲದಾಗ, ಇವತ್ತು ಬೆಳಗ್ಗೆ, ಮೊಳೆಗೆ ನೇತಾಕಿದ್ದ ಕೀ ತಗೊಂಡು. ಹಾಸಿದ ಮಂಚ ನೋಡಿದ್ರಿ. ಮಂಚ ಇದ್ದ ಮೇಲೆ ಅದರ ಮೇಲೇ ಮಲಗ್ತಾಳೆ ಅಂದ್ಕೊಂಡ್ರಿ. ಯಾರಾದ್ರೂ ಹಾಗೇ ಅಂದ್ಕೋತಾರೆ. ದಿಂಬು ಎತ್ತಿ ಗಡಿಯಾರ ಇಟ್ರಿ. ಮಿಕ್ಕಿದ್ದು, ಆ ಹೊದಿಕೆ ಹೊದಿಸಿದ್ದು, ಕಟ್ಟಿದ ಕಥೆ."

"ತಂಗೀ!" ಟೀಚರಮ್ಮನ ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. "ಸುಳ್ಳು ಅಂತ ಹೇಳು. ಅವಳ ಮಾತು ಸುಳ್ಳು ಅಂತ ಹೇಳು!"

ಚಿಕ್ಕಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ನಾನು ಏನು ಮಾಡಲಿ ಅಕ್ಕಾ? ಇವಳೊಬ್ಬಳು ಬಂದಳು, ಪೇಪರ್ ಓದೋ ನನ್ನ ಕೆಲಸ ಹೋಯ್ತು. ಇನ್ನು ನಾಲ್ಕು ಜನ ಬಂದ್ರೆ ನಿನಗೆ ಔಷಧಿ ಕೊಡೋಕೆ, ಕಾಲು ಒತ್ತೋಕೆ ಸಾಲಾಗಿ ನಿಲ್ತಾರೆ. ಆಮೇಲೆ ನಾನು ಯಾಕೆ? ಇವರಿಗೆಲ್ಲ ಕೋಣೆ, ಬಾಗಿಲು, ಬೀಗದ ಕೈ. ನನಗೆ ಒಂದು ಪರದೆ. ಪರದೆ ಸರಿಸಿ ಹೊರಗೆ ಹೋಗು ಅನ್ನೋದಕ್ಕೆ ಎಷ್ಟು ಹೊತ್ತು ಬೇಕು ನಿನಗೆ?"

ಟೀಚರಮ್ಮ ತಂಗಿಯ ದನಿಯತ್ತ ಮುಖ ತಿರುಗಿಸಿದರು.

ಗುಮಾಸ್ತರಿಗೆ ಬೇರೆಯೇ ದಿಗಿಲು. ಮನೆಯೊಡತಿಯ ಒಡಹುಟ್ಟಿದವಳನ್ನು ಎಲ್ಲರೆದುರು ಕಳ್ಳಿ ಅಂದಾಯಿತು; ಇನ್ನು ಕೋಣೆಯ ಮಾತೆಲ್ಲಿ? ಬಾಗಿಲಕ್ಕನ ತೋಳು ಮೆಲ್ಲಗೆ ಜಗ್ಗಿದರು, ಸಾಕು ಬಾ ಎಂಬಂತೆ. ಅವಳು ಕದಲಲಿಲ್ಲ.

"ಟೀಚರಮ್ಮ, ಕೋಪ ಮಾಡ್ಕೋಬೇಡಿ. ಕೋಣೆ ನೋಡೋದು ನನ್ನ ಕೆಲಸ, ಅದಕ್ಕೇ ಕಣ್ಣಿಗೆ ಬಿತ್ತು. ನಿಮ್ಮ ಮನೇಲಿ ಶೀಲ್ಡುಗಳಿಗೆ ಒಂದು ಕೋಣೆ ಇದೆ, ಬೀಗ ಇದೆ. ತಂಗಿಗೆ ಇಲ್ಲ."

ಕೆಳಗೆ ಬೀದಿಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು. ಟೀಚರಮ್ಮ ಕೈಚಾಚಿ ಗೋಡೆ ಹುಡುಕಿ, ಆ ಪ್ಲಾಸ್ಟಿಕ್ ಹಾಸಿಗೆಯ ಮೇಲೆ ಕೂತರು. ಅದು ಪರಪರ ಎಂದಿತು. ಯಾರಿಗೂ ನಗು ಬರಲಿಲ್ಲ.

"ಪಟಪಟೀ," ಎಂದರು ಕೊನೆಗೆ. "ನಿನ್ನನ್ನ ಕೇಳದೆ ನಿನ್ನ ಕೋಣೆ ಬೀಗ ತೆಗೆದೆ. ಅದು ನನ್ನ ತಪ್ಪು. ಆ ಇನ್ನೊಂದು ಕೀಲಿಕೈ ಇನ್ನು ಮೇಲೆ ನಿನ್ನ ಹತ್ರಾನೇ ಇರಲಿ." ಮಡಿಲ ಗಡಿಯಾರವನ್ನು ಒಮ್ಮೆ ಸವರಿದರು. "ಗುಮಾಸ್ತರೇ, ಆ ನಾಲ್ಕು ಮಕ್ಕಳಿಗೆ ಸಂಜೆ ಬರೋಕೆ ಹೇಳಿ. ಸಂಜೆ ಯಾಕೆ, ಈಗಲೇ ಬರಲಿ. ಆ ಶೀಲ್ಡುಗಳನ್ನ ಹೊರಗೆ ಹೊರೋಕೆ ನನಗೆ ಜನ ಬೇಕು."

ಚಿಕ್ಕಮ್ಮ ಮುಖ ಮುಚ್ಚಿಕೊಂಡು ಗೋಡೆ ಹಿಡಿದು ಕೂತುಬಿಟ್ಟರು.

ಬಾಗಿಲಕ್ಕ ತನ್ನ ಚೀಲ ತೆರೆದಳು. ನಾಲ್ಕು ಕೋಣೆಗೆ ನಾಲ್ಕು ಹೊಸ ಚಿಲಕ ತಂದಿದ್ದಳು. ಬೆಳಗ್ಗೆ ಆ ಫೋನ್ ಬಂದ ಮೇಲೂ ಹೊರಗೆ ತೆಗೆದಿಟ್ಟು ಬಂದಿರಲಿಲ್ಲ. ಗುಮಾಸ್ತರು ಅದನ್ನು ಈಗ ಗಮನಿಸಿದರು.

"ಒಂದು ಕಮ್ಮಿ ಬಿತ್ತಲ್ಲ," ಎಂದಳು.

ಪಟಪಟಿ ಬ್ಯಾಗನ್ನು ಹೆಗಲಿನಿಂದ ಇಳಿಸಿ ಮೂಲೆಯಲ್ಲಿಟ್ಟಳು. ಒಂದು ಚಿಲಕ ಎತ್ತಿಕೊಂಡು, ಹಿಂದೆ ಮುಂದೆ ಆಡಿಸಿ ನೋಡಿದಳು.

"ಚಿಕ್ಕಮ್ಮಂಗೆ ಮೊದಲು ಹಾಕೋಣ. ಕಮ್ಮಿ ಬಿದ್ದಿದ್ದು ಅಂಗಡಿಯಿಂದ ತಂದ್ರಾಯ್ತು. ತಿರುಪು ಹಿಡಿಯೋದು ನಾನೇ ಹೇಳಿಕೊಡ್ತೀನಿ."

"ನನ್ನ ಮೇಲೆ ಸಿಟ್ಟಿಲ್ವೇನೇ ನಿನಗೆ?" ಚಿಕ್ಕಮ್ಮ ಬೆರಳ ಸಂದಿಯಿಂದ ಕೇಳಿದರು.

"ಬೇಕಾದಷ್ಟಿದೆ!" ಪಟಪಟಿಯ ಮಾತು ಕಟ್ಟೆ ಒಡೆಯಿತು. "ನನ್ನನ್ನ ಕಳ್ಳಿ ಮಾಡಿದ್ರಿ, ಅರ್ಧ ದಿನದ ಕೆಲಸ ಕೆಡಿಸಿದ್ರಿ, ಅಲ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರತ್ತೆ, ಮೇಸ್ತ್ರಿ ನನ್ನ ತಲೆ ಕುಕ್ಕಿಬಿಡ್ತಾನೆ. ಸಿಟ್ಟು ಯಾವಾಗ ಹೋಗತ್ತೋ ಗೊತ್ತಿಲ್ಲ, ನೋಡೋಣ. ಅದಕ್ಕೂ ಬಾಗಿಲಿಗೂ ಏನು ಸಂಬಂಧ? ಬಾಗಿಲು ಎಲ್ಲರಿಗೂ ಬೇಕು."

ಗುಮಾಸ್ತರು ಮುಖ ಬೇರೆ ಕಡೆ ತಿರುಗಿಸಿದರು. ತಂಗುಮನೆಗೆ ದೊಡ್ಡ ಮನುಷ್ಯರು ಬಂದಾಗ ಗೋಡೆಯ ಚಿತ್ರಗಳನ್ನು ತೋರಿಸಿ ಅವರು ದೊಡ್ಡ ಭಾಷಣ ಮಾಡುವುದುಂಟು. ಇನ್ನು ಮುಂದೆ ಭಾಷಣದ ಬದಲು ಇವಳನ್ನೇ ಕರೆದು ತೋರಿಸಿದರಾಯಿತು ಅನ್ನಿಸಿತು.

ಸಂಜೆ ಹೊತ್ತಿಗೆ ನಾಲ್ವರೂ ಬಂದಿದ್ದರು. ಕಪ್ಪುಗಳೂ ಶೀಲ್ಡುಗಳೂ ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತಿದ್ದವು. ಟೀಚರಮ್ಮ ಒಂದೊಂದರ ಕಥೆಯನ್ನೂ ಹೇಳದೆ ಬಿಡುತ್ತಿರಲಿಲ್ಲ. ಕೆಳಮನೆಯ ಹೊಸ ಕೋಣೆಯೊಳಗಿಂದ ಚಿಲಕ ಹಾಕುವ, ತೆಗೆಯುವ, ಮತ್ತೆ ಹಾಕುವ ಸದ್ದು ಬರುತ್ತಲೇ ಇತ್ತು. ಚಿಕ್ಕಮ್ಮ ಇನ್ನೂ ಹೊರಗೆ ಬಂದಿರಲಿಲ್ಲ.

ಹೊರಡುವ ಮುಂಚೆ ಬಾಗಿಲಕ್ಕನೂ ಗುಮಾಸ್ತರೂ ಮೇಲೆ ಹೋದರು. ಹಸಿರು ಬಾಗಿಲು ಮುಚ್ಚಿತ್ತು. ಗುಮಾಸ್ತರು ತಟ್ಟಲು ಕೈಯೆತ್ತಿದರು. ಬಾಗಿಲಕ್ಕ ಆ ಕೈ ಹಿಡಿದು ನಿಲ್ಲಿಸಿದಳು.

ಒಳಗೆ ಪಟಪಟಿ ಯಾವುದೋ ಹಾಡು ಗುನುಗುತ್ತಿದ್ದಳು. ಗುನುಗು ನಿಂತಿತು. ಆಮೇಲೆ — ಚರ್‍ರ್ ಎಂದು, ಈ ತುದಿಯಿಂದ ಆ ತುದಿಯವರೆಗೆ — ಪ್ಲಾಸ್ಟಿಕ್ ಹರಿದ ಸದ್ದು.

"ನಡೀರಿ ಗುಮಾಸ್ತರೇ," ಎಂದಳು ಬಾಗಿಲಕ್ಕ, ಸದ್ದಾಗದಂತೆ ಮೆಟ್ಟಿಲಿಳಿಯುತ್ತಾ. "ಹುಡುಗಿ ಮಲಗಲಿ."